ಕೆಂಚಯ್ಯನಪಾಳ್ಯದಲ್ಲಿ ದಾರಿ ಇಲ್ಲವಂತೆ

ಕೊರಟಗೆರೆಯಲ್ಲಿ ಮಧುಗಿರಿ ಬಸ್ಸು ಹತ್ತಿದಾಗ ಬೆಳಗ್ಗೆ ಏಳೂವರೆ. ಗುರುವಾರ. ಕಂಡಕ್ಟರ್ ನನ್ನ ಆಧಾರ್ ಕಾರ್ಡಿನ ಕಡೆ ಅರ್ಧ ಕಣ್ಣು ಹಾಯಿಸಿ ಶೂನ್ಯ ಟಿಕೆಟ್ ಕೊಟ್ಟ. ಮೋಡ ಕವಿದಿತ್ತು, ಹನಿ ಬಿದ್ದಿರಲಿಲ್ಲ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಆ ಎರಡು ದಿನದಲ್ಲಿ ಕೇಳದೆ ಸಿಕ್ಕಿದ್ದು ಅದೊಂದೇ.

ನನಗೆ ತಾಲ್ಲೂಕು ಕಚೇರಿಯ ಎದುರು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿಯಿದೆ. ಇಪ್ಪತ್ತೆರಡು ವರ್ಷದಿಂದ ಜನರ ಅರ್ಜಿ ಟೈಪು ಮಾಡಿಕೊಡುತ್ತಿದ್ದೇನೆ. ಖಾತೆ ಬದಲಾವಣೆ, ಪೋಡಿ, ಬದು ಜಗಳ, ಎಲ್ಲಕ್ಕೂ ನನ್ನ ಹತ್ತಿರ ಸಿದ್ಧ ವಾಕ್ಯಗಳಿವೆ. ಅರ್ಜಿ ಬರೆಯುವುದು ನನ್ನ ಕಸುಬು, ಅರ್ಜಿ ಹಿಡಿದು ಅಲೆದದ್ದು ಮಾತ್ರ ಇದೇ ಮೊದಲು. ಅಂಗಡಿಗೆ ಬೀಗ ಹಾಕಿ ಹೊರಟಿದ್ದು ಗಂಗಕ್ಕನ ಒಂದು ಫೋನಿಗೆ.

ಗಂಗಕ್ಕ ನನ್ನ ಒಡಹುಟ್ಟಿದ ಅಕ್ಕ. ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಕಡೆ ಕೆಂಚಯ್ಯನಪಾಳ್ಯ ಅನ್ನುವ ಮೂವತ್ತು ಮನೆಯ ಊರಿಗೆ ಅವಳನ್ನು ಕೊಟ್ಟಿದೆ. ಅವಳಿಗೆ ಎರಡು ಸೀಮೆ ಹಸು. ಹಾಲಿನ ಡೈರಿ ಇರುವುದು ಪಕ್ಕದ ದೊಡ್ಡೂರಿನಲ್ಲಿ, ಹೊಲದ ನಡುವೆ ನಡೆದರೆ ಹತ್ತು ನಿಮಿಷ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ತಲೆ ಮೇಲೆ ಕ್ಯಾನು ಇಟ್ಟುಕೊಂಡು ಹೋಗಿ ಬರುತ್ತಾಳೆ. ಈಗ ಆ ಎರಡೂರಿನ ನಡುವೆ ಹೊಸ ಹೆದ್ದಾರಿ ಬರುತ್ತದಂತೆ. ಆರು ಪಥ, ಎರಡೂ ಕಡೆ ಆಳೆತ್ತರದ ಬೇಲಿ, ನಡೆಯುವವರಿಗೆ ಪ್ರವೇಶವಿಲ್ಲ. ಎಲ್ಲೆಲ್ಲಿ ಅದರ ಕೆಳಗೆ ದಾಟಲು ಸೇತುವೆ ಬಿಡುತ್ತಾರೆ ಅನ್ನುವ ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿದ್ದರು. ಕೆಂಚಯ್ಯನಪಾಳ್ಯದ ಹೆಸರು ಅದರಲ್ಲಿರಲಿಲ್ಲ. ಡಾಂಬರು ರಸ್ತೆಯ ಸೇತುವೆಗೆ ಸುತ್ತಿ ಹೋದರೆ ನಾಲ್ಕು ಕಿಲೋಮೀಟರು, ಬರಲು ಮತ್ತೆ ನಾಲ್ಕು. ಅಷ್ಟರಲ್ಲಿ ಡೈರಿಯವರು ಹಾಲು ಅಳೆದು ಬಾಗಿಲು ಹಾಕಿರುತ್ತಾರೆ.

"ನಮ್ಮೂರಿಗೂ ದೊಡ್ಡೂರಿಗೂ ದಾರಿನೇ ಇಲ್ವಂತೆ ಕಣೆ. ಹಂಗಾರೆ ನಾನು ಇಷ್ಟು ವರ್ಸ ಗಾಳೀಲಿ ತೇಲ್ಕೊಂಡು ಹೋಗ್ತಿದ್ನಾ?" ಎಂದಿದ್ದಳು ಫೋನಿನಲ್ಲಿ. ಆಕ್ಷೇಪಣೆ ಕೊಡಲು ಶುಕ್ರವಾರ ಸಂಜೆ ಐದು ಗಂಟೆ ಕೊನೆ. ಅಂದರೆ ಮರುದಿನವೇ.

ಮಧುಗಿರಿ ನಿಲ್ದಾಣದಲ್ಲಿ ಅಕ್ಕ ನನಗಾಗಿ ಕಾಯುತ್ತಿದ್ದಳು. ಬೆಳಗಿನ ಹಾಲು ಹಾಕಿ, ಅದೇ ಸೀರೆಯಲ್ಲಿ ಬಂದಿದ್ದಳು. ಬೆಟ್ಟದ ನೆತ್ತಿಗೆ ಮೋಡ ಕೂತಿತ್ತು. ಅಲ್ಲೇ ಒಂದು ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದು ಸರ್ವೆ ವಿಭಾಗಕ್ಕೆ ಹೋದೆವು. ಹಳೆಯ ಗ್ರಾಮ ನಕಾಶೆಯ ನಕಲು ಬೇಕಿತ್ತು. ಗುಮಾಸ್ತರು ಬರಲು ಹತ್ತೂವರೆ, ಬಂದವರು ನಕಾಶೆ ಹುಡುಕಲು ಹನ್ನೊಂದೂವರೆ, ಜೆರಾಕ್ಸ್ ಯಂತ್ರ ಕೆಟ್ಟಿದೆ ಎಂದು ಹೇಳಲು ಹನ್ನೊಂದೂ ಮುಕ್ಕಾಲು. ಯಂತ್ರದ ಮುಚ್ಚಳ ತೆಗೆದು ಸಿಕ್ಕಿಕೊಂಡಿದ್ದ ಕಾಗದ ಎಳೆದು ಹಾಕಿ ನಾನೇ ನಕಲು ತೆಗೆದುಕೊಂಡೆ. ಗುಮಾಸ್ತರು ಬಾಯಿ ಬಿಟ್ಟುಕೊಂಡು ನೋಡಿದರು.

ನಕಾಶೆಯಲ್ಲಿ ದಾರಿ ಇತ್ತು. ಕೆಂಚಯ್ಯನಪಾಳ್ಯದಿಂದ ದೊಡ್ಡೂರಿಗೆ ಜೋಡಿ ಚುಕ್ಕೆ ಗೆರೆ, ಅಂದರೆ ಬಂಡಿದಾರಿ. ಎತ್ತಿನ ಬಂಡಿ ಹಾಯುವಷ್ಟು ಅಗಲ. ಓದು ಬಾರದ ಅಕ್ಕ ಆ ಚುಕ್ಕೆಗಳ ಮೇಲೆ ಬೆರಳಿಟ್ಟು ಈ ತುದಿಯಿಂದ ಆ ತುದಿಗೆ ಸರಿಸಿದಳು. "ಇಲ್ಲಿ ನಮ್ಮ ಬೇವಿನ ಮರ, ಇಲ್ಲಿ ತಿಮ್ಮಣ್ಣನ ಬೋರು. ಸರಿಯಾಗೈತೆ" ಎಂದಳು.

"ಇದನ್ನ ನಮ್ಮ ಹತ್ರ ಕೊಟ್ಟು ಏನು ಮಾಡ್ತೀರಿ, ಹೈವೇ ಇಂಜಿನಿಯರು ಇವತ್ತು ಪಾವಗಡದಲ್ಲಿ ಸಭೆ ಮಾಡ್ತಿದಾರೆ, ಅಲ್ಲಿಗೆ ಹೋಗಿ" ಎಂದರು ಗುಮಾಸ್ತರು. ಮಧುಗಿರಿಯ ಹೆಂಗಸು ಮಧುಗಿರಿಯ ದಾರಿಗಾಗಿ ಐವತ್ತಕ್ಕೂ ಹೆಚ್ಚು ಕಿಲೋಮೀಟರು ದೂರದ ಪಾವಗಡಕ್ಕೆ ಹೋಗಬೇಕು. ನನಗೆ ಮೈ ಉರಿಯಿತು. ಅಕ್ಕ ಮಾತ್ರ ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.

ಮಿಡಿಗೇಶಿ ಮೇಲೆ ಹೋಗುವ ಬಸ್ಸು ತುಂಬಿತ್ತು. ಅರ್ಧ ದಾರಿ ನಿಂತೇ ಹೋದೆವು. ರಸ್ತೆಯ ಪಕ್ಕ ಹೊಲಗಳಲ್ಲಿ ಕಡಲೆಕಾಯಿ ಗಿಡ ಹೂ ಬಿಟ್ಟಿತ್ತು. ಅಲ್ಲಲ್ಲಿ ಬದುಗಳ ಮೇಲೆ ಹಳದಿ ಬಣ್ಣ ಬಳಿದ ಕಲ್ಲು ನೆಟ್ಟಿದ್ದರು, ಹೆದ್ದಾರಿಯ ಗುರುತು. ಕಲ್ಲಿನ ಸಾಲು ಊರುಗಳ ಪಕ್ಕದಲ್ಲೇ ಹೋಗುತ್ತಿತ್ತು, ಯಾವ ಊರಿನ ಕಡೆಗೂ ತಿರುಗಿರಲಿಲ್ಲ. ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ, ನಮ್ಮ ಈ ನಾಲ್ಕು ತಾಲ್ಲೂಕಿನ ಎದೆಯ ಮೇಲೆ ಹಾಯುವ ರಸ್ತೆ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವವರಿಗೆ. ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಕಲ್ಲು ಮಾತ್ರ ನೆಟ್ಟು ಹೋಗುತ್ತಾರೆ.

ಪಾವಗಡ ತಲುಪಿದಾಗ ಎರಡು ಗಂಟೆ. ಸಭೆ ಒಂದು ಕಲ್ಯಾಣ ಮಂಟಪದಲ್ಲಿ. ಪರದೆಯ ಮೇಲೆ ಮರಗಳ ಸಾಲಿನ ನಡುವೆ ಹೊಳೆಯುವ ರಸ್ತೆಯ ಚಿತ್ರ ತೋರಿಸುತ್ತಿದ್ದರು. ಮೈಕು ಹಿಡಿದವರು ಬೆಂಗಳೂರಿನ ಲಾರಿಗಳಿಗೆ ಎಷ್ಟು ಹೊತ್ತು ಉಳಿಯುತ್ತದೆ ಎಂದು ವಿವರಿಸಿದರು. ಬಲಸಮುದ್ರದ ಹಿರಿಯರೊಬ್ಬರು ಎದ್ದು ನಿಂತು, "ಸ್ವಾಮಿ, ಈ ರೋಡಿಗೆ ನಮ್ಮ ಬಸ್ಸು ಹತ್ತುತ್ತದಾ?" ಎಂದು ಕೇಳಿದರು. ಹತ್ತಲು ಇಳಿಯಲು ಎರಡೇ ಕಡೆ ಜಾಗವಿದೆ, ಎರಡೂ ದೂರ ಎಂದು ಉತ್ತರ ಬಂತು. "ಹಂಗಾದ್ರೆ ಸರಿ" ಎಂದು ಅವರು ಕೂತರು. ಅವರ ದನಿಯಲ್ಲಿದ್ದ ತಾತ್ಸಾರ ಮೈಕಿಗೆ ಕೇಳಿಸಿದಂತೆ ಕಾಣಲಿಲ್ಲ.

ಮಂಟಪದ ಹೊರಗೆ ಮಂಡಕ್ಕಿಯ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ಮಾರುತ್ತಿದ್ದರು. ಅದೇ ನಮ್ಮ ಮಧ್ಯಾಹ್ನದ ಊಟ. ಪಕ್ಕದಲ್ಲಿ ತಿನ್ನುತ್ತ ಕೂತಿದ್ದ ಹೆಂಗಸು ರಾಯಚರ್ಲಿನವರು. ಹೊಲಗಳಿಗೆಲ್ಲ ಬೇಲಿ ಸುತ್ತಿ ಸೋಲಾರ್ ಪ್ಯಾನಲ್ಲು ಹಾಕಿದ ಊರಿನ ಕಡೆಯವರು. ನಮ್ಮ ಕಥೆ ಕೇಳಿ ಅಕ್ಕನ ಮೊಣಕೈ ಹಿಡಿದುಕೊಂಡರು. "ಅಮ್ಮಾ, ಬೇಲಿ ಬೀಳೋಕ್ ಮುಂದೇನೇ ದಾರಿ ಬರೆಸ್ಕೋಬೇಕು. ತರ್ವಾತ ಎಂತ ಅಡಿಗಿನಾ ಲಾಭಂ ಲೇದು" ಎಂದರು. ಆಮೇಲೆ ಎಷ್ಟು ಕೇಳಿದರೂ ಪ್ರಯೋಜನವಿಲ್ಲವೆಂದು. ಅಕ್ಕನಿಗೆ ತೆಲುಗು ಅಷ್ಟಾಗಿ ಬರುವುದಿಲ್ಲ, ಆದರೂ ಅರ್ಥವಾಯಿತು. ಅರ್ಧ ಬಜ್ಜಿ ಬಿಟ್ಟು ಎದ್ದಳು.

ಇಂಜಿನಿಯರು ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. ನಕಾಶೆ ನೋಡಿ ತಲೆಯಾಡಿಸಿದರು. "ಮೇಡಂ, ನಕಾಶೆಯಲ್ಲಿ ಇದೆ, ಒಪ್ತೀನಿ. ಆದರೆ ನಾವು ಡ್ರೋನ್ ಹಾರಿಸಿ ನೋಡಿದಾಗ ಜಾಗದಲ್ಲಿ ದಾರಿ ಕಾಣಲಿಲ್ಲ. ಹೋಗಿ ಕೇಳಿದರೆ ಊರಿನವರೇ ಇಲ್ಲ ಅಂದರು. ಮಹಜರು ಇದೆ ನೋಡಿ" ಎಂದು ಲ್ಯಾಪ್‌ಟಾಪಿನಲ್ಲಿ ಫೈಲು ತೆರೆದರು.

ಐದು ಸಹಿ. ಐವರೂ ಆ ದಾರಿಯ ಎರಡೂ ಪಕ್ಕದ ಹೊಲದವರು. ಮೊದಲನೆಯ ಸಹಿ ಹನುಮಂತರಾಯಪ್ಪ, ನನ್ನ ಭಾವ, ಗಂಗಕ್ಕನ ಗಂಡ. ಜೊತೆಗೆ ಪುರಾವೆಯೆಂದು ಹಿಂದೆ ಭಾವ ತಹಸೀಲ್ದಾರರಿಗೆ ಕೊಟ್ಟಿದ್ದ ಒಂದು ಹಳೆಯ ಅರ್ಜಿಯ ಪ್ರತಿಯನ್ನೂ ಸೇರಿಸಿದ್ದರು. "ಸದರಿ ಜಮೀನುಗಳ ನಡುವೆ ಯಾವುದೇ ಬಂಡಿದಾರಿಯಾಗಲಿ ಕಾಲುದಾರಿಯಾಗಲಿ ಪೂರ್ವದಿಂದಲೂ ಇರುವುದಿಲ್ಲ."

ಆ ವಾಕ್ಯ ನನ್ನದು. ಪೂರ್ವದಿಂದಲೂ ಅನ್ನುವ ಪದವನ್ನು ನಾನೇ ಸೇರಿಸುವುದು, ಅರ್ಜಿಗೆ ತೂಕ ಬರಲಿ ಎಂದು. ಎಂಟು ವರ್ಷದ ಹಿಂದೆ ಪಕ್ಕದ ಹೊಲದ ತಿಮ್ಮಣ್ಣ ಟ್ರ್ಯಾಕ್ಟರ್ ಹೋಗಲು ದಾರಿ ಬಿಡಿಸಿಕೊಡಿ ಎಂದು ಕೇಳಿದಾಗ, ಭಾವ ಕೊರಟಗೆರೆಗೆ ಬಂದು ನನ್ನಿಂದಲೇ ಟೈಪು ಮಾಡಿಸಿಕೊಂಡು ಹೋಗಿದ್ದರು. ಆ ವಾಕ್ಯವನ್ನು ನಾನು ಎಷ್ಟು ಜನರಿಗೆ ಹೊಡೆದು ಕೊಟ್ಟಿದ್ದೇನೋ ಲೆಕ್ಕವಿಲ್ಲ. ನಮ್ಮ ಕಡೆ ಅಳತೆ ಟೇಪು ಹಿಡಿದವರು ಯಾರೇ ಬರಲಿ, ಜನ ಮೊದಲು ಹೇಳುವ ಮಾತು ದಾರಿ ಇಲ್ಲ ಎಂದು. ಬಂಡಿದಾರಿಯನ್ನು ಎರಡೂ ಕಡೆಯವರು ವರ್ಷಕ್ಕೊಂದು ಸಾಲು ಉತ್ತು ಒಳಗೆ ಹಾಕಿಕೊಂಡಿರುತ್ತಾರೆ. ದಾರಿ ಇದೆ ಅಂದರೆ ಬಿಡಿಸಲು ಬಂದರು ಎಂದೇ ಅರ್ಥ. ಈ ಸಲ ಟೇಪು ಹಿಡಿದು ಬಂದವರು ದಾರಿ ಬಿಡಿಸಲು ಬಂದವರಲ್ಲ, ದಾರಿ ಎಲ್ಲಿದೆ ಎಂದು ಕೇಳಿ ಅದಕ್ಕೆ ಸೇತುವೆ ಕೊಡಲು ಬಂದವರು. ಐದು ಗಂಡಸರು ಎಂದಿನಂತೆ ಇಲ್ಲ ಅಂದರು, ಸಹಿ ಹಾಕಿದರು, ಬುದ್ಧಿವಂತರಾದೆವು ಎಂದುಕೊಂಡು ಮನೆಗೆ ಹೋದರು. ಕೇಳಿದವರಾದರೂ ದಿನಾ ಅಲ್ಲಿ ನಡೆಯುವ ಒಬ್ಬ ಹೆಂಗಸನ್ನು ಕೇಳಿದರೇ? ಪಹಣಿಯಲ್ಲಿ ಯಾರ ಹೆಸರಿದೆಯೋ ಅವರನ್ನಷ್ಟೇ ಕರೆಸಿದ್ದರು.

"ನಾಳೆ ಐದರೊಳಗೆ ಶಿರಾ ಕಚೇರಿಗೆ ಬಂದು, ಸಹಿ ಹಾಕಿದವರಲ್ಲಿ ಒಬ್ಬರಾದರೂ ಹೇಳಿಕೆ ಬದಲಾಯಿಸಿದರೆ ಪಟ್ಟಿಗೆ ಸೇರಿಸೋಕೆ ಪ್ರಯತ್ನಿಸಬಹುದು" ಎಂದರು ಇಂಜಿನಿಯರು. ಅಕ್ಕ ಲ್ಯಾಪ್‌ಟಾಪಿನತ್ತ ಬಗ್ಗಿ ನೋಡುತ್ತಿದ್ದಳು. ಪರದೆಯ ಮೇಲಿದ್ದ ಗಂಡನ ಸಹಿಯನ್ನು ಗುರುತು ಹಿಡಿದಿದ್ದಳು. ಅವಳಿಗೆ ಓದಲು ಬರುವ ಒಂದೇ ಒಂದು ಬರಹ ಅದು.

ಕೆಂಚಯ್ಯನಪಾಳ್ಯ ಸೇರಿದಾಗ ದೀಪ ಹಚ್ಚುವ ಹೊತ್ತು. ದಾರಿಯಲ್ಲಿ ಸಣ್ಣ ಮಳೆ ಬಂದು ನಿಂತಿತ್ತು. ಆ ಹಳೆಯ ಅರ್ಜಿ ಟೈಪು ಮಾಡಿದವಳು ನಾನೇ ಎಂದು ಬಸ್ಸಿನಲ್ಲೇ ಅಕ್ಕನಿಗೆ ಹೇಳಿದ್ದೆ. ಸಂಜೆಯ ಹಾಲು ಕರೆದು ಡೈರಿಗೆ ಹಾಕಿದವಳು ಪಕ್ಕದ ಮನೆಯಾಕೆ. ಭಾವ ಜಗಲಿಯ ಮೇಲೆ ಕೂತಿದ್ದರು. ಅವರು ಕೆಟ್ಟ ಮನುಷ್ಯರಲ್ಲ, ನಾನು ಬಂದರೆ ತಾವೇ ಎದ್ದು ನೀರು ತಂದುಕೊಡುತ್ತಾರೆ. ಅಂದೂ ತಂದುಕೊಟ್ಟರು. ವಿಷಯ ತಿಳಿಸಿದೆ.

"ಅದು ಆಗಕಿಲ್ಲ ಕಣಮ್ಮ ಜಯಾ" ಎಂದರು. "ದಾರಿ ಐತೆ ಅಂತ ನಾನೇ ಬರ್ಕೊಟ್ರೆ ತಿಮ್ಮಣ್ಣನ ಮೇಲಿನ ಕೇಸು ನೆಗೆದು ಬೀಳ್ತದೆ. ನಾಳಿದ್ದೇ ಟ್ರ್ಯಾಕ್ಟರ್ ತಂದು ನನ್ನ ಕಡ್ಲೇಕಾಯಿ ಮೇಲೆ ಓಡಿಸ್ತಾನೆ. ಎಂಟು ವರ್ಸದಿಂದ ಮಧುಗಿರಿ ಕೋರ್ಟಿಗೆ ಅಲ್ದಿರೋದು ಯಾತಕ್ಕೆ?"

"ಹಾಲು ಎಂಗೆ ಹಾಕ್ಲಿ ಹಂಗಾರೆ?" ಎಂದಳು ಅಕ್ಕ ಒಳಗಿನಿಂದ.

"ಹೈವೇ ಬರೋಕೆ ಇನ್ನೂ ಎಷ್ಟು ವರ್ಸ ಆಗ್ತದೋ ಬುಡು. ಆವಾಗ ನೋಡ್ಕಂಡ್ರಾಯ್ತು."

ನನಗೆ ರೇಗಿತು. ಭಾವ ಅನ್ನುವುದನ್ನೂ ಮರೆತು, "ಹೆದ್ದಾರಿಯವರು ನಿಮಗಿಂತ ವಾಸಿ, ಕೇಳೋಕಾದರೂ ಬಂದರು" ಎಂದುಬಿಟ್ಟೆ. ಅವರು ಮುಖ ತಿರುಗಿಸಿದರು. ಆ ರಾತ್ರಿ ಮುದ್ದೆ ಉಂಡಿದ್ದು ಮೂವರೂ ಮೂರು ಕಡೆ.

ಬೆಳಗ್ಗೆ ಅಕ್ಕನ ಜೊತೆ ಡೈರಿಗೆ ನಾನೂ ಹೋದೆ. ಬಂಡಿದಾರಿ ಇದ್ದ ಜಾಗವನ್ನು ಅಂದೇ ಸರಿಯಾಗಿ ನೋಡಿದ್ದು. ಉಳಿದಿರುವುದು ಒಂದು ಬದು, ಒಂದು ಪಾದದ ಅಗಲ. ಎರಡೂ ಪಕ್ಕ ಕಡಲೆಕಾಯಿ ಸಾಲು. ಮಳೆಗೆ ಜಾರುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು, ಕುಂಟುತ್ತ ನಾನು ಹಿಂದೆ ಉಳಿದೆ. ಅಕ್ಕ ಒಂದು ಕೈಯಲ್ಲಿ ತಲೆಯ ಮೇಲಿನ ಕ್ಯಾನು, ಇನ್ನೊಂದರಲ್ಲಿ ಸೀರೆ ನೆರಿಗೆ ಹಿಡಿದು, ಪಾದದ ಮುಂದೆ ಪಾದ ಇಟ್ಟು ನಡೆದಳು. ಅವಳ ಹಿಂದೆ ಮುಂದೆ ಇನ್ನೂ ಹತ್ತು ಹೆಂಗಸರು, ಎಲ್ಲರ ತಲೆಯ ಮೇಲೂ ಕ್ಯಾನು. ಡ್ರೋನಿಗೆ ಇವರು ಯಾಕೆ ಕಾಣಲಿಲ್ಲ ಅಂದರೆ, ಅದು ಹಾರಿದ್ದು ಮಧ್ಯಾಹ್ನವಂತೆ.

ಡೈರಿಯ ಸಾಲಿನಲ್ಲಿ ನಿಂತೇ ಅಕ್ಕ ವಿಷಯ ಎತ್ತಿದಳು. ನಾನು ನೋಟುಪುಸ್ತಕದ ಹಾಳೆ ಹರಿದು, ಹಾಲು ಅಳೆಯುವ ಮೇಜಿನ ಮೂಲೆಯಲ್ಲಿ ಬರೆದೆ. ಈ ಸಲ ಸಿದ್ಧ ವಾಕ್ಯ ಯಾವುದೂ ಬಳಸಲಿಲ್ಲ. ನಾವು ಹನ್ನೊಂದು ಜನ ದಿನಕ್ಕೆ ಎರಡು ಸಲ ಇಲ್ಲಿ ನಡೆಯುತ್ತೇವೆ, ನಮ್ಮನ್ನು ಯಾರೂ ಕೇಳಲಿಲ್ಲ ಎಂದಷ್ಟೇ ಬರೆದೆ. ಐವರು ಸಹಿ ಮಾಡಿದರು, ಆರು ಜನ ಹೆಬ್ಬೆಟ್ಟು ಒತ್ತಿದರು. "ನಮ್ಮ ಯಜಮಾನ್ರಿಗೆ ಹೇಳ್ಬೇಡ ಕಣಕ್ಕ" ಎಂದವಳೂ ಒತ್ತಿದಳು. ಅವಳ ಗಂಡನ ಸಹಿ ಮಹಜರಿನಲ್ಲಿ ಮೂರನೆಯದು.

ಕ್ರಾಸಿನವರೆಗೆ ಆಟೋ, ಅಲ್ಲಿಂದ ಬಡವನಹಳ್ಳಿ, ಅಲ್ಲಿಂದ ಶಿರಾ ಬಸ್ಸು. ಕ್ರಾಸಿನಲ್ಲಿ ನೋಡಿದರೆ ಬಿಳಿ ಪಂಚೆ ಉಟ್ಟು ಭಾವ ನಿಂತಿದ್ದರು. ಯಾಕೆ ಬಂದಿರಿ ಎಂದು ಕೇಳಿದೆ. "ನನ್ನ ಕೇಸಿಗೆ ಯಾರು ಏನು ಕಲ್ಲು ಹಾಕ್ತಾರೋ ನೋಡ್ಬೇಕಲ್ಲ" ಎಂದರು. ನಮಗೆ ಶೂನ್ಯ ಟಿಕೆಟ್, ಅವರಿಗೆ ಕಾಸಿನ ಟಿಕೆಟ್. ಮೂವರ ಸೀಟು ಖಾಲಿಯಿದ್ದರೂ ಅಕ್ಕ ಡ್ರೈವರಿನ ಹಿಂದಿನ ಸೀಟಿಗೆ ಹೋಗಿ ಕೂತಳು.

ಶಿರಾ ತಲುಪಿದಾಗ ಒಂದೂವರೆ. ಬಿಸಿಲು ಚುರುಗುಟ್ಟುತ್ತಿತ್ತು. ಹೆದ್ದಾರಿ ಕಚೇರಿಗೆ ಬೋರ್ಡೇ ಇಲ್ಲ. ಕೊನೆಗೆ ಒಬ್ಬ ಆಟೋದವನು, "ಅರೇ ಆಪಾ, ಟೈರ್ ಅಂಗಡಿ ಊಪರ್ ಇದೆ ನೋಡಿ, ದಿನಾ ಜನ ಇಂಗೆ ಹುಡುಕ್ತಾನೇ ಇರ್ತಾರೆ" ಎಂದು ತಾನೇ ಮೆಟ್ಟಿಲವರೆಗೆ ಬಿಟ್ಟ, ಬಾಡಿಗೆ ತೆಗೆದುಕೊಳ್ಳಲಿಲ್ಲ. ಮೇಲೆ ಹೋದರೆ ಊಟದ ವಿರಾಮ. ಮೂರು ಗಂಟೆಯವರೆಗೆ ಮೆಟ್ಟಿಲ ಮೇಲೆ ಕಾದೆವು. ಆಕ್ಷೇಪಣೆಗೆ ಕೊನೆಯ ದಿನ ಊಟಕ್ಕೆ ಒಂದೂವರೆ ಗಂಟೆ ಹೋಗುವವರ ಹೊಟ್ಟೆ ತಣ್ಣಗಿರಲಿ.

ಅಧಿಕಾರಿ ಐವತ್ತು ದಾಟಿದವರು. ಹನ್ನೊಂದು ಹೆಂಗಸರ ಕಾಗದ ಓದಿ ಪಕ್ಕಕ್ಕಿಟ್ಟರು. "ಇವರು ಜಮೀನಿನ ಮಾಲೀಕರಲ್ಲವಲ್ಲ" ಎಂದರು.

"ದಾರಿಗೆ ಮಾಲೀಕರು ಯಾಕೆ ಬೇಕು ಸಾರ್, ನಡೆಯೋರು ಬೇಕು" ಎಂದೆ.

ಅವರು ಒಂದು ನಮೂನೆ ಮುಂದಿಟ್ಟರು. ಆ ದಾರಿಯಲ್ಲಿ ದಿನಕ್ಕೆ ಎಷ್ಟು ಓಡಾಟ ಎಂದು ತುಂಬಬೇಕು. ಕಾರು, ಬಸ್ಸು, ಲಾರಿ, ಟ್ರ್ಯಾಕ್ಟರು, ಬೈಕು, ಎತ್ತಿನ ಬಂಡಿ. ನಡೆಯುವವರಿಗೆ ಕಾಲಂ ಇರಲಿಲ್ಲ. ಎಲ್ಲದಕ್ಕೂ ಸೊನ್ನೆ ಬರೆದರೆ ಕೆಲಸ ಮುಗಿಯಿತು. ನನಗೆ ಪಿತ್ತ ನೆತ್ತಿಗೇರಿತು. ಅವರ ಮೇಜಿನ ಮೇಲಿದ್ದ ಅಡಿಕೋಲು ಎತ್ತಿಕೊಂಡು, ಎತ್ತಿನ ಬಂಡಿಯ ಪಕ್ಕ ಒಂದು ಗೆರೆ ಎಳೆದು, ಆ ಹೊಸ ಕಾಲಮ್ಮಿಗೆ ನಡೆಯುವವರು ಎಂದು ಹೆಸರು ಬರೆದು, ಕೆಳಗೆ ಇಪ್ಪತ್ತೆರಡು ಎಂದು ತುಂಬಿದೆ.

"ಏನಮ್ಮಾ ಇದು, ಸರ್ಕಾರಿ ನಮೂನೆ" ಎಂದರು.

"ಇಂಥ ನಮೂನೆ ದಿನಾ ಟೈಪು ಮಾಡೋಳು ನಾನು. ಕಾಲಂ ಯಾರೋ ಒಬ್ಬರು ಕೂತು ಎಳೆದಿರ್ತಾರೆ ಸಾರ್, ತಾನಾಗಿ ಹುಟ್ಟಲ್ಲ."

ಅವರು ನಮೂನೆಯನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದ ಭಾವನನ್ನು ಕರೆದರು. "ಹನುಮಂತರಾಯಪ್ಪ ನೀವೇನಾ? ದಾರಿ ಇಲ್ಲ ಅಂತ ಸಹಿ ಹಾಕಿದ್ದೀರಿ. ಈಕೆ ನಿಮ್ಮ ಮನೆಯವರಂತೆ. ಹಾಗಾದರೆ ಇವರು ಎಲ್ಲಿ ನಡೀತಾರೆ?"

"ಬದು ಮೇಲೆ ಸಾ."

"ಬದು ಅಂದರೆ ದಾರಿ ಅಲ್ಲ. ನನಗೆ ಒಂದೇ ಮಾತು ಬೇಕು. ಅಲ್ಲಿ ದಾರಿ ಇತ್ತೋ ಇಲ್ಲವೋ?"

ಗಡಿಯಾರದಲ್ಲಿ ನಾಲ್ಕು ಗಂಟೆ ದಾಟಿತ್ತು. ಅಕ್ಕ ಗಂಡನ ಕಡೆ ನೋಡಲಿಲ್ಲ. ತನ್ನ ಕಾಲಿನ ಕಡೆ ನೋಡುತ್ತಿದ್ದಳು. ಬೆಳಗಿನ ಕೆಸರು ಹಿಮ್ಮಡಿಯಲ್ಲಿ ಒಣಗಿ ಬಿರುಕು ಬಿಟ್ಟಿತ್ತು. ಭಾವನೂ ಅದನ್ನೇ ನೋಡಿದರು.

"ಇತ್ತು ಸಾ" ಎಂದರು. "ನಮ್ಮಪ್ಪನ ಕಾಲ್ದಲ್ಲಿ ಗಾಡಿ ಹೋಗ್ತಿತ್ತು. ನಾನೇ ಉತ್ಬುಟ್ಟೆ."

ಅಧಿಕಾರಿ ಅದನ್ನೇ ಬರೆಸಿಕೊಂಡರು. ಭಾವ ಸಹಿ ಹಾಕಿದರು. ಮಹಜರಿನಲ್ಲಿದ್ದ ಸಹಿಯಷ್ಟು ನೆಟ್ಟಗೆ ಬರಲಿಲ್ಲ. ಸ್ವೀಕರಿಸಲಾಗಿದೆ ಎಂಬ ಮುದ್ರೆ ಬಿತ್ತು. ಸೇತುವೆ ಸಿಗುತ್ತದೆಯೇ ಎಂದು ಕೇಳಿದೆ. ಪರಿಶೀಲಿಸುತ್ತೇವೆ, ದೊಡ್ಡದಲ್ಲ, ರಸ್ತೆಯ ಕೆಳಗೆ ಜನ ನುಸುಳುವಂಥ ಒಂದು ಸಣ್ಣ ಕಾಂಕ್ರೀಟ್ ಬಾಕ್ಸು ಆಗಬಹುದು ಎಂದರು. ಬಾಗಿಲವರೆಗೆ ಹೋದ ಅಕ್ಕ ತಿರುಗಿ ನಿಂತಳು.

"ಸ್ವಾಮಿ, ತಲೆ ಮೇಲೆ ಕ್ಯಾನು ಇಟ್ಕೊಂಡು ನೆಟ್ಟಗೆ ನಡೆಯೋ ಅಷ್ಟು ಎತ್ತರ ಮಾಡಿ. ಬಗ್ಗಿ ಹೋಗೋ ಹಂಗೆ ಮಾಡ್ಬ್ಯಾಡಿ" ಎಂದಳು. ಅವರು ಬರೆದುಕೊಂಡರು. ನಿಜವಾಗಿ ಬರೆದುಕೊಂಡರೋ, ಬರೆದಂತೆ ಮಾಡಿದರೋ, ನಾನು ಇಣುಕಿ ನೋಡಲಿಲ್ಲ.

ಹಿಂತಿರುಗುವ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತೆವು. ಶಿರಾ ಬಿಟ್ಟು ಸ್ವಲ್ಪ ದೂರ ಬಂದ ಮೇಲೆ ಭಾವ, "ಕೇಸು ಹೋಯ್ತು ಬುಡು. ನಿನ್ಗೋಸ್ಕರ ಬುಟ್ಟುಕೊಟ್ಟೆ" ಎಂದರು. ಹೇಳಿ, ಕಾದರು. ಏನಾದರೂ ಒಳ್ಳೆಯ ಮಾತು ಬರಲಿ ಎಂದು ಕಾದರು ಅಂತ ಕಾಣುತ್ತದೆ.

"ನನ್ಗೇನು ಕೊಟ್ಟೆ ನೀನು?" ಎಂದಳು ಅಕ್ಕ. ದನಿ ಎತ್ತರಿಸಲಿಲ್ಲ. "ಹೊಟ್ಟೇಲಿ ಮಗ ಇದ್ದಾಗ್ಲೂ ಆ ಬದು ಮೇಲೇ ನಡೆದೆ. ಜಾರಿ ಬಿದ್ದು ಹಾಲು ಚೆಲ್ದಾಗ ಕಣ್ಣು ಕಾಣಲ್ವಾ ಅಂತ ನೀನೇ ಬೈದೆ. ಕಾಲಿಡೋಕೆ ಜಾಗ ಬುಟ್ಟಿದ್ಯಾ ಅಂತ ನಾನು ಕೇಳ್ಲಿಲ್ಲ. ಇವತ್ತು ಕೇಳ್ತೀನಿ."

ಭಾವ ಕಿಟಕಿಯ ಕಡೆ ತಿರುಗಿದರು. ಬಡವನಹಳ್ಳಿ ಬಂತು. ಅವರಿಬ್ಬರೂ ಅಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು, ನಾನು ಅದೇ ಬಸ್ಸಿನಲ್ಲಿ ಮಧುಗಿರಿಗೆ ಹೋಗಬೇಕು. ಅಕ್ಕ ಇಳಿದು ನನ್ನ ಕಿಟಕಿಯ ಕೆಳಗೆ ಬಂದು ನಿಂತಳು. ಹಾಲು ಕರೆಯುವ ಹೊತ್ತು ಮೀರುತ್ತಿತ್ತು, ಅವಳಿಗೆ ಅವಸರ.

"ನನ್ನ ಮೇಲೂ ಸಿಟ್ಟಾ ಅಕ್ಕ?" ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅವ್ನು ಉತ್ತ, ನೀನು ಟೈಪ್ ಮಾಡಿ ಕೊಟ್ಟೆ" ಎಂದಳು. "ಹೈವೇನೋರು ಕೊನೇಲಿ ಬಂದೋರು ಕಣೆ."

ಬಸ್ಸು ಹೊರಟಿತು. ತಿರುಗಿ ನೋಡಿದಾಗ ಅವಳು ಆಗಲೇ ರಸ್ತೆ ದಾಟುತ್ತಿದ್ದಳು, ಭಾವ ಹಿಂದೆ ಬರುತ್ತಿದ್ದರು.